ಐವತ್ತು ರೂಪಾಯಿಯ ರಸೀದಿ

ಬಾ ತಮ್ಮಾ, ಕೂತುಕೋ. ಮೊದಲು ಹೆಗಲ ಮೇಲಿನ ಆ ಚೀಲ ಇಳಿಸು. ಮೇಲೆ ಸಂವಿಧಾನದ ದಪ್ಪ ಪುಸ್ತಕ, ನಡುವೆ ಟೆಸ್ಟ್ ಸೀರೀಸಿನ ಪ್ರಶ್ನೆಪತ್ರಿಕೆಗಳು, ಎಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಅದರ ಭಾರವೇ ಹೆಚ್ಚು, ಗೊತ್ತು ನನಗೆ. ಊರಿನ ಮನೆಗೆ ಬಂದ ಸಮನ್ಸಿನ ಫೋಟೋ ತೆಗೆದು ನಿನ್ನಕ್ಕ ವಾಟ್ಸಾಪಿನಲ್ಲಿ ಕಳಿಸಿ ಹದಿಮೂರು ದಿನವಾಯಿತು. ಬತ್ರಾ ಸಿನಿಮಾದ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದೆ. ಅಂಗಡಿಯವನು ಓದಿಬಿಟ್ಟಾನೆಂದು ಹಾಳೆ ಬಿಸಿಯಿರುವಾಗಲೇ ಕಿತ್ತುಕೊಂಡು ಬಂದೆ. ಅವತ್ತಿನಿಂದ ಒಂದು ಸಲವೂ ಅದನ್ನು ಬಿಡಿಸಿ ನೋಡಿಲ್ಲ. ಆಯೋಗಗಳ ವರದಿಯನ್ನು ರಾತ್ರಿ ಬೆಳಗಾಗುವುದರೊಳಗೆ ಓದಿ ಟಿಪ್ಪಣಿ ಮಾಡುವ ಹುಡುಗ ನೀನು, ಒಂದು ಪುಟದ ಕಾಗದಕ್ಕೆ ಹೆದರಿದೆಯಲ್ಲ!

ಕಲಬುರಗಿ ಸೀಮೆಯ ಕೋರ್ಟುಗಳಲ್ಲಿ ನಲವತ್ತೊಂದು ವರ್ಷ ಕರಿ ಕೋಟು ಹಾಕಿದವನು ನಾನು. ಈಗ ದಿಲ್ಲಿಯ ಮುಖರ್ಜಿ ನಗರದ ಪಕ್ಕದಲ್ಲಿ ಮಗಳ ಮನೆ. ಬೆಳಿಗ್ಗೆ ತಿರುಗಾಡಲು ಹೋದರೆ ನಿಮ್ಮಂಥ ಹುಡುಗರೇ ಕಾಣುತ್ತೀರಿ. ಕಿಟಕಿಯಿಲ್ಲದ ಕೋಣೆಯಿಂದ ಎದ್ದು ಬಂದು, ಚಹಾದ ಗಾಡಿಯ ಮುಂದೆ ನಿಂತು, ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಫೋನು. ಕನ್ನಡ ಕಿವಿಗೆ ಬಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನೀನು ಮೊದಲ ದಿನವೇ 'ಮುತ್ಯಾ' ಅಂದೆ. ಆ ಸಲಿಗೆಯ ಮೇಲೆ ಹೇಳುತ್ತೇನೆ, ಕೇಳು.

ಪ್ರೊಬೇಷನ್ ಎಂದರೆ ನಿಮ್ಮ ಓಣಿಯಲ್ಲಿ ಎಲ್ಲರಿಗೂ ಮಸ್ಸೂರಿ ನೆನಪಾಗುತ್ತದೆ. ಐಎಎಸ್ ಪರೀಕ್ಷೆ ಗೆದ್ದವರು ಅಲ್ಲಿ ಪ್ರೊಬೇಷನರ್ ಆಗಿ ತರಬೇತಿ ಪಡೆಯುತ್ತಾರೆ. ನಿನಗೆ ಅದಕ್ಕಿಂತ ಮೊದಲೇ ಇನ್ನೊಂದು ಪ್ರೊಬೇಷನ್ ಬಂದಿದೆ. ಹಾಸ್ಟೆಲ್ಲಿನ ಜಗಳದಲ್ಲಿ ಕ್ರಿಕೆಟ್ ಸ್ಟಂಪು ಎತ್ತಿದೆ, ಎದುರಿನ ಹುಡುಗನ ಹಣೆಗೆ ಹೊಲಿಗೆ ಬಿದ್ದವು. 2024ರ ಜುಲೈ 1ಕ್ಕೂ ಹಿಂದಿನ ಗಲಾಟೆಯಾದ್ದರಿಂದ ಹಳೆಯ ದಂಡಸಂಹಿತೆಯ 324ನೇ ಕಲಂ. ಆಯುಧದಿಂದ ಗಾಯ ಮಾಡಿದ್ದಕ್ಕೆ ಮೂರು ವರ್ಷದವರೆಗೆ ಸಜೆ ಕೊಡಬಹುದಾದ ಕಲಂ ಅದು. ತಪ್ಪು ಸಾಬೀತಾಯಿತು. ಆದರೂ ನ್ಯಾಯಾಧೀಶರು ನಿನ್ನನ್ನು ಜೈಲಿಗೆ ಕಳಿಸಲಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಮಿನಂತೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಟ್ಟರು. ಆಗ ನಿನಗೆ 20. 21 ತುಂಬದವರನ್ನು ಜೈಲಿಗೆ ಹಾಕಲೇಬೇಕೆಂದರೆ ಕೋರ್ಟು ಕಾರಣ ಬರೆದಿಡಬೇಕು ಎಂದು ಅದೇ ಕಾಯ್ದೆಯ 6ನೇ ಕಲಂ ಹೇಳುತ್ತದೆ. ನಿನ್ನ ವಯಸ್ಸು ನಿನ್ನನ್ನು ಕಾಯಿತು. ನಿನ್ನಪ್ಪ ಜಾಮೀನು ನಿಂತ, ಪರಿಹಾರದ ಹಣವನ್ನೂ ಕಟ್ಟಿದ.

ಮುಚ್ಚಳಿಕೆಯಲ್ಲಿ ಏನಿತ್ತು? ಎರಡು ವರ್ಷ ಶಾಂತಿಯಿಂದಿರಬೇಕು, ಕರೆದಾಗ ಬರಬೇಕು, ತಿಂಗಳಿಗೊಮ್ಮೆ ಪ್ರೊಬೇಷನ್ ಆಫೀಸರ ಮುಂದೆ ಹಾಜರಾಗಬೇಕು, ಅನುಮತಿಯಿಲ್ಲದೆ ವಾಸ ಬದಲಿಸಬಾರದು. ಏಳು ತಿಂಗಳು ಸರಿಯಾಗಿಯೇ ನಡೆದುಕೊಂಡೆ. ಎಂಟನೇ ತಿಂಗಳು ಗೆಳೆಯರು ಸೀಟು ಹಿಡಿದರು, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿಬಿಟ್ಟೆ. ಆಫೀಸರಿಗೆ ಒಂದು ಫೋನಿಲ್ಲ, ಒಂದು ಚೀಟಿಯಿಲ್ಲ. ದಿಲ್ಲಿಗೆ ಬಂದ ಮೇಲೆ ಮೂರು ಸಲ ಕೋಣೆ ಬದಲಿಸಿದೆ. ಐದು ತಿಂಗಳು ಗೈರುಹಾಜರಿ. ಅವರು ವರದಿ ಬರೆದರು, ಕೋರ್ಟು ಸಮನ್ಸು ಕಳಿಸಿತು. ಇದರಲ್ಲಿ ಯಾರೂ ನಿನ್ನ ಮೇಲೆ ಹಗೆ ಸಾಧಿಸಿಲ್ಲ.

ಹಾಳೆ ಬಿಡಿಸು, ಒಟ್ಟಿಗೆ ಓದೋಣ. 9ನೇ ಕಲಂ ಅಂತ ಇದೆಯಲ್ಲ, ಅಲ್ಲಿ ಬೆರಳಿಡು. ಷರತ್ತು ಮುರಿದಿದೆ ಎಂದು ನಂಬಲು ಕಾರಣ ಸಿಕ್ಕರೆ ಕೋರ್ಟು ನೇರವಾಗಿ ವಾರಂಟ್ ಹೊರಡಿಸಬಹುದು, ಬೇಕಾದರೆ ಸಮನ್ಸು ಕಳಿಸಬಹುದು. ನಿನಗೆ ಬಂದದ್ದು ಸಮನ್ಸು. ಅಂದರೆ ನ್ಯಾಯಾಧೀಶರು ಇನ್ನೂ ನಿನ್ನ ಮೇಲೆ ಭರವಸೆ ಇಟ್ಟಿದ್ದಾರೆ, ಹುಡುಗ ಕರೆದರೆ ಬರುತ್ತಾನೆ ಅಂದುಕೊಂಡಿದ್ದಾರೆ. ಆ ಭರವಸೆಯನ್ನು ಚೀಲದ ಅಡಿಯಲ್ಲಿಟ್ಟು ಹದಿಮೂರು ದಿನ ತಿರುಗಿದೆ. ಉಳಿದಿರುವುದು ಹದಿನೆಂಟು ದಿನ. ಅವತ್ತು ನೀನು ಅಲ್ಲಿ ನಿಲ್ಲದಿದ್ದರೆ ಮುಂದಿನ ಕಾಗದವನ್ನು ಪೊಲೀಸರು ತರುತ್ತಾರೆ. ವಾರಂಟಿಗೆ ಯಾವ ರಾಜ್ಯದ ಗಡಿಯೂ ಅಡ್ಡಬರುವುದಿಲ್ಲ. ಮನೆಮಾಲೀಕ ಬಾಡಿಗೆದಾರರ ಪರಿಶೀಲನೆಗೆಂದು ನಿನ್ನ ಆಧಾರ್ ಪ್ರತಿಯನ್ನು ಠಾಣೆಗೆ ಕೊಟ್ಟಿದ್ದಾನೆಂದು ನೀನೇ ಹೇಳಿದೆ. ಹುಡುಕುವುದು ಕಷ್ಟವೇ?

ಇನ್ನು ಕಣ್ಣು ಕೆಳಗಿಳಿಸು, ಆ ಕಲಮಿನ ಮೂರನೇ ಭಾಗ. ವಿಚಾರಣೆ ನಡೆದು ಷರತ್ತು ಮುರಿದದ್ದು ಖಚಿತವಾದರೆ ಕೋರ್ಟಿಗೆ ಎರಡು ದಾರಿ. ಒಂದು, ಮೂಲ ಅಪರಾಧಕ್ಕೆ, ಅಂದರೆ ಆ ಸ್ಟಂಪಿನ ಏಟಿಗೆ, ಈಗ ಶಿಕ್ಷೆ ವಿಧಿಸುವುದು. ಇನ್ನೊಂದು, ಇದು ಮೊದಲ ಸಲದ ತಪ್ಪಾಗಿದ್ದರೆ, ಮುಚ್ಚಳಿಕೆಯನ್ನು ಹಾಗೇ ಮುಂದುವರಿಸಿ ದಂಡ ಹಾಕುವುದು. ದಂಡ ಎಷ್ಟು ಗೊತ್ತೆ? 50 ರೂಪಾಯಿ ಮೀರುವಂತಿಲ್ಲ. ನಗಬೇಡ. 1958ರಲ್ಲಿ ಬರೆದ ಅಂಕಿ ಇದು. ಈಗ ಈ ಓಣಿಯಲ್ಲಿ ಆ ದುಡ್ಡಿಗೆ ಒಂದು ಹೊತ್ತಿನ ಹೊಟ್ಟೆ ತುಂಬುವುದಿಲ್ಲ. ಅದನ್ನೂ ಗಡುವಿನೊಳಗೆ ಕಟ್ಟದಿದ್ದರೆ ಮತ್ತೆ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಒಂದು ಕಡೆ ಜೈಲು, ಇನ್ನೊಂದು ಕಡೆ ಐವತ್ತು ರೂಪಾಯಿ. ಎರಡೂ ಒಂದೇ ಕಲಮಿನಲ್ಲಿ, ಎರಡೇ ಸಾಲಿನ ಅಂತರದಲ್ಲಿ. ನ್ಯಾಯಾಧೀಶರ ಪೆನ್ನು ಎತ್ತ ಹೊರಳುತ್ತದೆ ಎಂಬುದನ್ನೇ ನಾನು ನಲವತ್ತೊಂದು ವರ್ಷ ನೋಡಿದ್ದು. ತಪ್ಪು ಆದ ಮಾರನೇ ದಿನದಿಂದ ನೀನು ಏನು ಮಾಡಿದೆ ಅನ್ನುವುದನ್ನು ಅವರು ಮೊದಲು ನೋಡುತ್ತಾರೆ.

ನನ್ನ ಹತ್ತಿರ ಬಂದಿದ್ದ ಒಬ್ಬ ಗೌಂಡಿಯ ಮಗನ ಮಾತು ಹೇಳುತ್ತೇನೆ. ನಿನ್ನಷ್ಟೇ ವಯಸ್ಸು. ಅವನೂ ನಾಲ್ಕು ತಿಂಗಳು ಹಾಜರಾಗಿರಲಿಲ್ಲ. ಮಳೆ ಕೈಕೊಟ್ಟ ವರ್ಷ, ಅಪ್ಪನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಸಮನ್ಸು ಬಂದ ಸುದ್ದಿ ತಿಳಿದ ರಾತ್ರಿಯೇ ಬಸ್ಸು ಹತ್ತಿದ. ನೇರ ಪ್ರೊಬೇಷನ್ ಆಫೀಸರ ಬಾಗಿಲಿಗೆ ಹೋಗಿ, 'ಸಾಹೇಬ್ರೆ, ತಪ್ಪಾಯ್ತು' ಅಂದ. ಆಮೇಲೆ ನನ್ನ ಹತ್ತಿರ ಬಂದ. ಚೀಲದಲ್ಲಿ ಸಿಮೆಂಟಿನ ಧೂಳು ಮೆತ್ತಿದ ಹಾಜರಿ ಪುಸ್ತಕದ ಪ್ರತಿ, ಮೇಸ್ತ್ರಿ ಕೈಯಿಂದ ಬರೆಸಿದ ಚೀಟಿ, ಬಸ್ಸಿನ ಟಿಕೆಟುಗಳು. ಯಾರು ಹೇಳಿಕೊಟ್ಟರೋ ಕಾಣೆ, ಒಂದನ್ನೂ ಕಳೆದಿರಲಿಲ್ಲ. ವಿಚಾರಣೆಯ ದಿನ ಆಫೀಸರೇ ಎದ್ದುನಿಂತು, 'ಹುಡುಗ ತಾನಾಗಿ ಬಂದು ಹೇಳಿದ' ಎಂದರು. ಐವತ್ತು ರೂಪಾಯಿ ದಂಡ. ಅವನ ತಾಯಿ ಸೆರಗಿನ ಗಂಟು ಬಿಚ್ಚಿ ಹತ್ತರ ಐದು ನೋಟು ಎಣಿಸಿ ಕೊಟ್ಟಳು. ರಸೀದಿಯನ್ನು ಮನೆಗೆ ಒಯ್ದು ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇಟ್ಟಳು. ಮುಂದೆ ಅವನ ಮದುವೆಗೆ ಹೋದಾಗಲೂ ಅದು ಅಲ್ಲಿಯೇ ಇತ್ತು. ನಾನೇ ಕಣ್ಣಾರೆ ನೋಡಿದ್ದೇನೆ.

ಇನ್ನೊಬ್ಬನಿದ್ದ. ಓದಿದವ, ಮಾತಿನಮಲ್ಲ. ಅವನು ತಪ್ಪಿಸಿದ್ದು ಎರಡೇ ಹಾಜರಿ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಲೆಕ್ಕ ಅವನದು. ಸಿಮ್ಮು ಬದಲಿಸಿದ, ಮಾವನ ಮನೆಯಲ್ಲಿ ಅಡಗಿದ. ಸಮನ್ಸು ಹೋಗಿ ವಾರಂಟ್ ಬಂತು. ಜಾಮೀನು ನಿಂತ ಅಣ್ಣನನ್ನೂ ಕೋರ್ಟಿಗೆ ಕರೆಸಿದರು, ಮುಚ್ಚಳಿಕೆಯ ಹಣ ಕಟ್ಟಲು ಅಣ್ಣ ಎತ್ತು ಮಾರಿದ. ಎರಡು ಹಾಜರಿಯ ತಪ್ಪು ಆರು ತಿಂಗಳ ಸಜೆಯಾಯಿತು. ಗೌಂಡಿಯ ಮಗನ ತಪ್ಪಿಗಿಂತ ಇವನದು ಸಣ್ಣದಿತ್ತಲ್ಲ, ಲೆಕ್ಕ ಹಾಕಿ ನೋಡು.

ಈ ಕಾನೂನು ಹುಟ್ಟಿದ ಬಗೆಯೂ ಇದನ್ನೇ ಹೇಳುತ್ತದೆ. 1841ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ಹೊಲಿಯುವವನೊಬ್ಬ ಕೋರ್ಟಿಗೆ ಹೋಗಿದ್ದ. ಕುಡುಕನೊಬ್ಬನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರು. 'ಇವನನ್ನು ನನಗೆ ಒಪ್ಪಿಸಿ, ನಾನು ನೋಡಿಕೊಳ್ಳುತ್ತೇನೆ' ಎಂದು ಜಾಮೀನು ನಿಂತ. ಮೂರು ವಾರದ ಮೇಲೆ ಕರೆತಂದರೆ ನ್ಯಾಯಾಧೀಶರಿಗೆ ಗುರುತೇ ಸಿಗದಷ್ಟು ಬದಲಾಗಿದ್ದ ಆ ಮನುಷ್ಯ. ಶಿಕ್ಷೆ ಒಂದು ಸೆಂಟ್ ದಂಡ, ಮೇಲೆ ಕೋರ್ಟಿನ ಖರ್ಚು. ನಮ್ಮ ಐವತ್ತು ರೂಪಾಯಿ ಅದರ ತಮ್ಮನೇ ಅನ್ನು. ಆ ಚಪ್ಪಲಿ ಅಂಗಡಿಯ ಮನುಷ್ಯ ಸಾಯುವುದರೊಳಗೆ ಹೀಗೆ ಸಾವಿರದ ಒಂಬೈನೂರಕ್ಕೂ ಹೆಚ್ಚು ಜನರಿಗೆ ಜಾಮೀನು ನಿಂತಿದ್ದ. ನಮ್ಮಲ್ಲಿ ಕಾಯ್ದೆ ಬಂದದ್ದು 1958ರಲ್ಲಿ. ಜಿಟಿಬಿ ನಗರದಲ್ಲಿ ಮೆಟ್ರೋ ಹತ್ತಿ ಕಾಶ್ಮೀರಿ ಗೇಟಿನಲ್ಲಿ ಬದಲಿಸಿದರೆ ಮುಂದಿನದೇ ತೀಸ್ ಹಜಾರಿ ಅಲ್ಲವೇ? ಅಲ್ಲಿಯ ಕೋರ್ಟಿನ ಕಟ್ಟಡ ಬಾಗಿಲು ತೆರೆದದ್ದೂ ಅದೇ ವರ್ಷ. ಆ ಕಡೆ ಹೋದಾಗೆಲ್ಲ ನನಗೆ ಈ ಎರಡೂ ಒಂದೇ ವಾರಿಗೆಯ ಗೆಳೆಯರಂತೆ ಕಾಣುತ್ತವೆ.

ಈಗ ಕೆಲಸದ ಮಾತು. ನಿನ್ನ ಆತುರ ನನಗೆ ಗೊತ್ತು. ಕಾಗದ ಬಿಡಿಸುವ ಮೊದಲೇ ಕೋರ್ಟಿನ ಹೊರಗೆ ಯಾರನ್ನೋ ಹಿಡಿದು, 'ಸಮನ್ಸು ಕ್ಯಾನ್ಸಲ್ ಮಾಡಿಸುತ್ತೇನೆ' ಅಂದವನಿಗೆ ಎರಡು ಸಾವಿರ ಕೊಟ್ಟು ಬಂದಿದ್ದೀ. ಹೋಗಲಿ, ಆ ದುಡ್ಡು ಮರೆತುಬಿಡು. ಕಲಬುರಗಿಯ ಕೋರ್ಟಿನ ಸಮನ್ಸನ್ನು ದಿಲ್ಲಿಯ ಫುಟ್‌ಪಾತಿನಲ್ಲಿ ಯಾರೂ ರದ್ದು ಮಾಡಲಾರರು. ನಿನಗೆ ಬೇಕಾದದ್ದು ಅಲ್ಲಿಯ ವಕೀಲರು. ಮೂಲ ಪ್ರಕರಣ ನಡೆಸಿದವರಿಗೇ ಮೊದಲು ಫೋನು ಮಾಡು, ಕಡತ ಅವರ ಹತ್ತಿರವೇ ಇರುತ್ತದೆ. ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯದ ಮಿತಿಯುಂಟು. 15100 ಸಂಖ್ಯೆಗೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಉಚಿತದ ವಕೀಲರು ಸಡಿಲ ಎಂದು ನಿಮ್ಮ ಓಣಿಯ ಪಂಡಿತರು ಹೇಳುತ್ತಾರೆ. ಅವರಲ್ಲಿ ಎದೆಗೊಟ್ಟು ದುಡಿದವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ವಕೀಲರು ಸಿಕ್ಕ ಮೇಲೆ ಮೊದಲ ದಿನವೇ ಮೂಲ ಆದೇಶದ್ದೂ ಮುಚ್ಚಳಿಕೆಯದ್ದೂ ದೃಢೀಕೃತ ನಕಲು ತೆಗೆಸಲು ಹೇಳು. ಇದು ನನ್ನ ಹಳೆಯ ಚಾಳಿ. ಎಷ್ಟೋ ಸಲ ವರದಿಯಲ್ಲಿ ಮುರಿದ ಷರತ್ತು ಎಂದು ಬರೆದದ್ದು ಮುಚ್ಚಳಿಕೆಯಲ್ಲಿ ಇರುವುದೇ ಇಲ್ಲ, ಬಾಯಿಮಾತಿನಲ್ಲಿ ಹೇಳಿರುತ್ತಾರೆ ಅಷ್ಟೆ. ಷರತ್ತುಗಳನ್ನು ಕೋರ್ಟು ನಿನಗೆ ವಿವರಿಸಿ ಹೇಳಬೇಕು, ಮೇಲ್ವಿಚಾರಣೆಯ ಆದೇಶದ ಒಂದು ಪ್ರತಿ ಕೊಡಬೇಕು. ಕೊಟ್ಟರೇ? ನಿನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರೇ? ತಾರೀಖುಗಳನ್ನೂ ಕೂಡಿಸಿ ನೋಡಬೇಕು, ಗೈರುಹಾಜರಿಯ ತಿಂಗಳುಗಳು ಮುಚ್ಚಳಿಕೆಯ ಅವಧಿಯೊಳಗೇ ಬರುತ್ತವೆಯೇ ಎಂದು. ಹೊಸ ಎಫ್‌ಐಆರ್ ದಾಖಲಾಗಿದೆ ಎಂಬ ಕಾರಣಕ್ಕೆ ಕರೆಸಿದ್ದರೆ, ದೂರು ದಾಖಲಾದ ಮಾತ್ರಕ್ಕೆ ತಪ್ಪು ರುಜುವಾತಾಗಲಿಲ್ಲ ಎಂದು ವಕೀಲರು ಗಟ್ಟಿಯಾಗಿ ಹೇಳಬೇಕಾಗುತ್ತದೆ. ನಿನ್ನ ಪುಣ್ಯ, ಆ ತಾಪತ್ರಯವಿಲ್ಲ. ಹಾಜರಾದ ದಿನ ಕೋರ್ಟು ನಿನ್ನನ್ನು ಒಳಗೂ ಕಳಿಸಬಹುದು, ಜಾಮೀನಿನ ಮೇಲೂ ಬಿಡಬಹುದು. ಆದ್ದರಿಂದ ಜಾಮೀನಿನ ಅರ್ಜಿ ಅವತ್ತು ಬೆಳಿಗ್ಗೆಯೇ ಕೈಯಲ್ಲಿರಲಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ವಕೀಲಿಕೆಗೆ ಇಳಿದ ಮೂರನೇ ವರ್ಷ. ಇಂಥದೇ ಪ್ರಕರಣ, ಇಂಥದೇ ಹುಡುಗ. ಅವನನ್ನು ಕೂರಿಸಿಕೊಂಡು ಕೇಳುವ ವ್ಯವಧಾನ ನನಗಿರಲಿಲ್ಲ. ಗೈರುಹಾಜರಿಗೆ ಕಾಯಿಲೆಯೇ ಕಾರಣವಿರಬೇಕೆಂದು ನಾನೇ ಊಹಿಸಿ ಅರ್ಜಿ ಬರೆದು ಸಹಿ ಹಾಕಿಸಿದೆ. ಕೋರ್ಟಿನಲ್ಲಿ ನ್ಯಾಯಾಧೀಶರು ಅವನನ್ನೇ ಕೇಳಿದರು. ಅವನು ನಿಜ ಹೇಳಿದ. ತಂಗಿಯನ್ನು ಗಂಡನ ಮನೆಯವರು ಹೊರಗೆ ಹಾಕಿದ್ದರು, ಅವಳನ್ನು ಕರೆತರಲು ಸೊಲ್ಲಾಪುರಕ್ಕೆ ಹೋಗಿ ಅಲ್ಲಿಯೇ ನಿಂತುಬಿಟ್ಟಿದ್ದ. ಕೇಳಿದವರ ಕರುಳು ಕರಗುವಂಥ ಕಾರಣ. ಆದರೆ ಅರ್ಜಿಯಲ್ಲಿ ಬೇರೆಯೇ ಇತ್ತು. ಅವನು ಸುಳ್ಳ ಅನ್ನಿಸಿಕೊಂಡ. ಅವನಿಗೆ ಸಜೆಯಾಯಿತು. ಅವನ ತಂಗಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತದ್ದು ಇವತ್ತಿಗೂ ಕಣ್ಣ ಮುಂದಿದೆ. ಅವತ್ತಿನಿಂದ ಯಾರು ಬಂದರೂ ಮೊದಲು ಒಂದು ಲೋಟ ನೀರು ಕೊಟ್ಟು, 'ಏನಾಯ್ತು ಹೇಳಪ್ಪಾ' ಅಂತ ಕೇಳಿ, ಅವರು ಮುಗಿಸುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ.

ಅದಕ್ಕೇ ನಿನ್ನ ಕೋಣೆಯ ಜೊತೆಗಾರ ಹೇಳಿದನಲ್ಲ, 'ಟೈಫಾಯ್ಡ್ ಅಂತ ಡಾಕ್ಟರ ಸರ್ಟಿಫಿಕೇಟು ಮಾಡಿಸು' ಎಂದು, ಆ ಮಾತನ್ನು ಇಲ್ಲಿಗೇ ಬಿಡು. ನಿನ್ನ ನಿಜದಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಓದಲು ಬಂದೆ. ಕೋಚಿಂಗಿನ ಫೀಸಿನ ರಸೀದಿ ಇದೆ, ಲೈಬ್ರರಿಯ ಸೀಟಿನ ತಿಂಗಳ ಚೀಟಿ ಇದೆ, ಬಾಡಿಗೆ ಕರಾರು ಇದೆ, ಟೆಸ್ಟ್ ಸೀರೀಸಿನ ಅಂಕಪಟ್ಟಿ ಇದೆ. ಐದು ತಿಂಗಳು ಎಲ್ಲಿದ್ದೆ, ಏನು ಮಾಡಿದೆ ಎಂಬುದಕ್ಕೆ ದಿನದಿನದ ಸಾಕ್ಷಿ. ಯಾವ ಟೈಫಾಯ್ಡು ಇದಕ್ಕೆ ಸಮ? ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲು ಮಾಡು. ಹೇಳದೆ ಬಂದದ್ದು ತಪ್ಪು ಎಂದು ಒಪ್ಪಿಕೊ. 'ಆದರೆ', 'ಅಂದರೆ' ಸೇರಿಸಬೇಡ. ನಿನಗೆ ಆ ಅಭ್ಯಾಸ ಜಾಸ್ತಿ.

ದುಡ್ಡಿಲ್ಲದೆ ಷರತ್ತು ಮುರಿದವರ ಪಾಡೂ ಇದೇ. ಅಮೆರಿಕದ ಜಾರ್ಜಿಯಾದಲ್ಲಿ ಬೇರ್ಡನ್ ಎಂಬವನಿಗೆ ದಂಡ, ಪರಿಹಾರ ಸೇರಿ 750 ಡಾಲರ್ ಕಟ್ಟುವ ಷರತ್ತಿತ್ತು. ಅಪ್ಪ ಅಮ್ಮನ ಹತ್ತಿರ ಸಾಲ ತಂದು 200 ಕಟ್ಟಿದ. ಆಮೇಲೆ ಕೆಲಸ ಹೋಯಿತು, ಓದು ಬಾರದವನಿಗೆ ಬೇರೆ ಕೆಲಸ ಸಿಗಲಿಲ್ಲ. ಪ್ರೊಬೇಷನ್ ರದ್ದು ಮಾಡಿ ಜೈಲಿಗೆ ಹಾಕಿದರು. 1983ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ತಪ್ಪೆಂದಿತು. ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಕಟ್ಟಲಾಗದವನನ್ನು, ಬೇರೆ ದಾರಿ ಇದೆಯೇ ಎಂದು ನೋಡದೆ ಒಳಗೆ ಹಾಕಬಾರದು ಎಂದು. ಆ ತೀರ್ಪು ನಮ್ಮ ಕೋರ್ಟಿಗೆ ಕಟ್ಟುಪಾಡಲ್ಲ. ಆದರೂ ಆಗದೆ ಬಿಟ್ಟದ್ದಕ್ಕೂ ಬೇಕೆಂದೇ ಬಿಟ್ಟದ್ದಕ್ಕೂ ವ್ಯತ್ಯಾಸವನ್ನು ಎಲ್ಲ ಊರಿನ ನ್ಯಾಯಾಧೀಶರೂ ಬಲ್ಲರು. ತೋರಿಸಿಕೊಡಬೇಕಾದವನು ನೀನು.

ನೀನು ನನಗೆ ಕೇಳಿದ ಮೊದಲ ಪ್ರಶ್ನೆ, 'ಮುತ್ಯಾ, ನನ್ನ ಐಎಎಸ್ ಗತಿ?' ಆ ಹಣೆಗೆ ಹೊಲಿಗೆ ಬಿದ್ದ ಹುಡುಗ ಹೇಗಿದ್ದಾನೆ ಎಂದು ಒಂದು ಸಲವೂ ನಿನ್ನ ಬಾಯಲ್ಲಿ ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಹೇಳಬೇಕಾದದ್ದನ್ನು ಹೇಳಿದೆ. ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅದೇ ಕಾಯ್ದೆಯ 12ನೇ ಕಲಂ ತಾಯಿಯ ಸೆರಗಿದ್ದ ಹಾಗೆ. 3 ಅಥವಾ 4ನೇ ಕಲಮಿನಲ್ಲಿ ಬಿಡುಗಡೆಯಾದವನಿಗೆ, ಶಿಕ್ಷೆಯಾದವರಿಗೆ ಅಂಟುವ ಅನರ್ಹತೆ ಅಂಟುವುದಿಲ್ಲ. ಆದರೆ ಸೆರಗಿಗೆ ಒಂದು ತುದಿಯುಂಟು. 4ರಲ್ಲಿ ಬಿಡುಗಡೆಯಾದ ಮೇಲೆ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಿಬಿಟ್ಟರೆ ಆ ರಕ್ಷಣೆ ಹೋಯಿತು. ಹದಿನೆಂಟು ದಿನದಾಚೆಯ ಆ ವಿಚಾರಣೆಯಲ್ಲಿ ಜೈಲಿನ ಜೊತೆಗೆ ನಿನ್ನ ಮುಂದಿನ ಎಲ್ಲ ಅರ್ಜಿಗಳ ಹಣೆಬರಹವೂ ಇದೆ. ಒಂದು ದಿನದ ತರಗತಿ ತಪ್ಪುತ್ತದೆ ಎಂದು ಗೊಣಗುತ್ತಿದ್ದೆಯಲ್ಲ!

ಆ ಕಲಂ ತಪ್ಪನ್ನೇ ಅಳಿಸಿಹಾಕುತ್ತದೆ ಎಂದೂ ತಿಳಿಯಬೇಡ. 1990ರಲ್ಲಿ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ತಪ್ಪಿತಸ್ಥ ಎಂಬುದು ಹಾಗೇ ಉಳಿಯುತ್ತದೆ, ನೌಕರಿಯಲ್ಲಿದ್ದವನ ನಡತೆಯ ಮೇಲೆ ಇಲಾಖೆ ಕ್ರಮ ಕೈಗೊಳ್ಳಬಹುದು. ನಾಳೆ ನೀನು ಗೆದ್ದರೆ ದೃಢೀಕರಣ ಪತ್ರದಲ್ಲಿ ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ಮುಚ್ಚಳಿಕೆ ಬರೆದುಕೊಟ್ಟಿದ್ದೆಯೇ, ಶಿಕ್ಷೆಯಾಗಿತ್ತೇ ಎಂದು ಒಂದೊಂದಾಗಿ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಬರೆ. 2016ರ ಅವತಾರ್ ಸಿಂಗ್ ತೀರ್ಪು ಓದಿಕೋ, ಅದನ್ನು ನಿನ್ನ ಪರೀಕ್ಷೆಗೂ ಓದಬೇಕಾಗಬಹುದು. ಎಳೆ ವಯಸ್ಸಿನ ಸಣ್ಣ ತಪ್ಪನ್ನು ನೇಮಕ ಮಾಡುವವರು ಕ್ಷಮಿಸಲು ಅದರಲ್ಲಿ ಜಾಗವಿದೆ. ಮುಚ್ಚಿಟ್ಟದ್ದು ಬಯಲಾದರೆ ಆ ಜಾಗ ಬಹಳ ಕಿರಿದಾಗುತ್ತದೆ.

ಇನ್ನು, 'ಹಾಗಾದರೆ ಓದು ಬಿಟ್ಟು ಊರಲ್ಲೇ ಕೂರಲೇ' ಎಂಬ ನಿನ್ನ ಮುನಿಸು. ಯಾರು ಹೇಳಿದರು ಹಾಗೆ? 2023ರ ಜೂನ್ 15ರಂದು ಇಲ್ಲಿಯ ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮಕ್ಕಳು ಕಿಟಕಿಯಿಂದ ತಂತಿ, ಹಗ್ಗ ಹಿಡಿದು ಇಳಿದದ್ದನ್ನು ದೇಶವೇ ನೋಡಿತು. ಪಾಪ, ಅವರಿಗೆ ಬೇರೆ ದಾರಿಯಿರಲಿಲ್ಲ. ನಿನಗೆ ಮೆಟ್ಟಿಲಿತ್ತು. ಮೆಟ್ಟಿಲಿದ್ದೂ ಕಿಟಕಿಯಿಂದ ಹಾರಿದೆ. 8ನೇ ಕಲಂ ನೋಡು. ಪ್ರೊಬೇಷನ್ ಆಫೀಸರು ಅರ್ಜಿ ಹಾಕಿದರೆ ಕೋರ್ಟು ಮುಚ್ಚಳಿಕೆಯ ಷರತ್ತನ್ನೇ ಬದಲಿಸಬಹುದು. ಅವಧಿ ಹೆಚ್ಚಿಸಬಹುದು, ತಗ್ಗಿಸಬಹುದು, ಮೂಲ ಆದೇಶದಿಂದ ಮೂರು ವರ್ಷ ಮಾತ್ರ ಮೀರಬಾರದು. ನಡತೆ ಚೆನ್ನಾಗಿದ್ದು ಮೇಲ್ವಿಚಾರಣೆ ಇನ್ನು ಬೇಡ ಎನಿಸಿದರೆ ಮುಚ್ಚಳಿಕೆಯನ್ನೇ ಮುಗಿಸಿಬಿಡಬಹುದು. 13ನೇ ಕಲಮಿನಲ್ಲಿ, ಒಬ್ಬ ಆಫೀಸರ ಬದಲು ಇನ್ನೊಬ್ಬರನ್ನು ನೇಮಿಸುವ ಅಧಿಕಾರ ಕೋರ್ಟಿಗೂ ಇದೆ, ನೀನು ಸದ್ಯ ವಾಸವಿರುವ ಜಿಲ್ಲೆಯ ಮ್ಯಾಜಿಸ್ಟ್ರೇಟರಿಗೂ ಇದೆ. ಅಂದರೆ ದಿಲ್ಲಿಯಲ್ಲಿ ಓದುತ್ತಲೇ ಇಲ್ಲಿಯ ಆಫೀಸರ ಮುಂದೆ ಹಾಜರಿ ಹಾಕುವ ದಾರಿ ಕಾಯ್ದೆಯ ಒಳಗೇ ಇತ್ತು. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವ ಮೊದಲು ಒಂದು ಅರ್ಜಿ, ಅಷ್ಟೇ ಬೇಕಿತ್ತು. ಈಗಲೂ ತಡವಾಗಿಲ್ಲ. ಆಫೀಸರಿಗೆ ಇವತ್ತೇ ಫೋನು ಮಾಡಿ ಮೊದಲು ತಪ್ಪು ಒಪ್ಪಿಕೊ, ಆಮೇಲೆ ಇದನ್ನು ಕೇಳು. ಆ ಅರ್ಜಿ ಅವರ ಕೈಯಿಂದಲೇ ಹೋಗಬೇಕು, ನೆನಪಿರಲಿ. ಅವರನ್ನು ನಿನ್ನ ವೈರಿ ಎಂದು ಬಗೆದಿದ್ದೀ. ನಿನ್ನಂಥವನಿಗೆ ಬುದ್ಧಿ ಹೇಳುವುದು, ನೆರವಾಗುವುದು, ಬೇಕಾದರೆ ಕೆಲಸ ಹುಡುಕಿಕೊಡುವುದೂ ಅವರ ಕರ್ತವ್ಯವೆಂದು 14ನೇ ಕಲಮಿನಲ್ಲಿ ಬರೆದಿದೆ.

ದಿಲ್ಲಿಯಲ್ಲಿ ಹೊಸ ಜಾಮೀನುದಾರ ಎಲ್ಲಿ ಸಿಗುತ್ತಾನೆ ಎಂದೂ ಕೇಳಿದೆ. ಬೇಕಾದೀತೋ ಇಲ್ಲವೋ, ಆದರೂ ಒಂದು ತೀರ್ಪು ಹೇಳಿಬಿಡುತ್ತೇನೆ, ನನಗೆ ಬಹಳ ಪ್ರೀತಿಯದು. 1978ರಲ್ಲಿ ಮಧ್ಯಪ್ರದೇಶದ ಮೋತಿ ರಾಮ್ ಎಂಬ ಬಡ ಗೌಂಡಿಗೆ ಜಾಮೀನು ಕೊಡುವಾಗ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಕೇಳಿದರು. ಅಣ್ಣನೋ ತಮ್ಮನೋ ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಒಪ್ಪಲಿಲ್ಲ. ದೂರದ ಮಲಯಾಳಿಯೋ ಕನ್ನಡಿಗನೋ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ಚಾಂದನಿ ಚೌಕ ಇಲ್ಲಿಂದ ಮೆಟ್ರೋದಲ್ಲಿ ಐದೇ ನಿಲ್ದಾಣ. ಆ ತೀರ್ಪಿನಲ್ಲಿ ಕನ್ನಡಿಗನ ಹೆಸರು ಕಂಡ ದಿನ, ದೇಶದ ದೊಡ್ಡ ಕೋರ್ಟಿನಲ್ಲಿ ಯಾರೋ ನಮ್ಮ ಹುಡುಗರನ್ನು ನೆನೆದರಲ್ಲ ಎಂದು ಎದೆ ತುಂಬಿ ಬಂದಿತ್ತು.

ಜಾಮೀನುದಾರ ಅಂದಾಗ ನೆನಪಾಯಿತು. ಸಮನ್ಸಿನ ಎರಡನೇ ಹೆಸರು ಓದಿದೆಯಾ? ನಿನ್ನಪ್ಪನದು. 9ನೇ ಕಲಂ ಜಾಮೀನುದಾರನನ್ನೂ ಕರೆಸುತ್ತದೆ. ಅಕ್ಕನ ಕಡೆಯಿಂದ ನಿನಗೆ ಫೋಟೋ ಬಂತು, ಆದರೆ ಅಪ್ಪ ಒಂದು ಫೋನು ಮಾಡಿ ಬೈಯಲಿಲ್ಲ. ಯಾಕೆ ಅಂದುಕೊಂಡೆ? ಮಗನ ಓದು ಕೆಟ್ಟೀತು ಎಂದು ಸುಮ್ಮನಿದ್ದಾನೆ. ತೊಗರಿ ರಾಶಿಯ ಹೊತ್ತಿನಲ್ಲಿ ಕೋರ್ಟಿನ ಕಟ್ಟೆ ಹತ್ತಲು ಒಬ್ಬನೇ ತಯಾರಾಗಿದ್ದಾನೆ. ನೀನು ಹದಿಮೂರು ದಿನ ಹೆದರಿದ್ದು ಕೋರ್ಟಿಗಲ್ಲ, ಅಪ್ಪನ ದನಿಗೆ. ನಾನೂ ಮಕ್ಕಳನ್ನು ಸಾಕಿದವನೇ, ಗೊತ್ತಾಗುತ್ತದೆ.

ವಿಚಾರಣೆಗೆ ಎರಡು ದಿನ ಮುಂಚೆಯೇ ಊರು ಸೇರು. ರೈಲಿನ ಟಿಕೆಟು ಇವತ್ತೇ ತೆಗೆಸು. ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಫೋನಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿ ತಾರೀಖು ಮುಂದೆ ಹೋಗಿದೆಯೇ ನೋಡುತ್ತಿರು, ಆದರೆ ಅದೊಂದನ್ನೇ ನಂಬಿ ಕೂರಬೇಡ. ಕೋರ್ಟಿನಲ್ಲಿ ನಿಂತಾಗ ಸಂವಿಧಾನದ ವಿಧಿಗಳನ್ನು ಉದುರಿಸಬೇಡ, ನಿನ್ನ ನಾಲಗೆ ನಿನಗಿಂತ ಮುಂದೆ ಓಡುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಬಿಳಿ ಅಂಗಿ ಇದ್ದರೆ ಹಾಕಿಕೋ, ಇಸ್ತ್ರಿ ಮಾಡಿಸು. ಕಿಸೆಯಲ್ಲಿ ಐವತ್ತು ರೂಪಾಯಿ ಬಿಡಿಯಾಗಿ ಇಟ್ಟುಕೋ, ಫೋನಿನಲ್ಲಿ ಕಳಿಸುತ್ತೇನೆ ಎನ್ನಬೇಡ. ರಸೀದಿ ಕೊಟ್ಟರೆ ಅದನ್ನು ಆ ದಪ್ಪ ಪುಸ್ತಕದಲ್ಲಿ ಇಡದೆ ತಾಯಿಯ ಕೈಗೆ ಕೊಡು.

ಹಾಳೆಯನ್ನು ಮತ್ತೆ ಮಡಚಬೇಡ, ಮೇಜಿನ ಮೇಲೆ ಬಿಡಿಸಿಯೇ ಇರಲಿ. ಊರಿಂದ ಶೇಂಗಾ ಹಿಂಡಿ ಬಂದಿದೆ, ಮಗಳು ಬೆಳಿಗ್ಗೆ ರೊಟ್ಟಿ ಬಡಿದಿದ್ದಾಳೆ. ನಾನು ಒಳಗೆ ಹೋಗಿ ತಟ್ಟೆ ಹಾಕುತ್ತೇನೆ. ಅಷ್ಟರೊಳಗೆ ನೀನು ಬಾಲ್ಕನಿಗೆ ಹೋಗಿ ಅಪ್ಪನಿಗೆ ಫೋನು ಮಾಡು. ಈ ಹೊತ್ತಿಗೆ ಹೊಲದಿಂದ ಬಂದಿರುತ್ತಾನೆ.